ಕೈರೋದಲ್ಲಿ ಕಡಿಮೆ ಖರ್ಚಿನ ಲಾಡ್ಜ್: ಮೊದಲು ರೂಮು ನೋಡಿ, ಆಮೇಲೆ ದುಡ್ಡು ಕೊಡಿ

ಕೈರೋಗೆ ಹೊರಟವರು ಪಿರಮಿಡ್ ಬಗ್ಗೆ ಎಲ್ಲ ಓದಿಕೊಂಡಿರುತ್ತಾರೆ. ಎಲ್ಲಿ ಉಳಿದುಕೊಳ್ಳೋದು ಅನ್ನೋದು ಮಾತ್ರ ಕೊನೆಗೆ ನೆನಪಾಗುತ್ತದೆ. ಕೇಳಿದವರಿಗೆಲ್ಲ ನಾನು ಹೇಳುವ ಜಾಗ ಒಂದೇ: ವುಸ್ತ್ ಅಲ್ ಬಲದ್. ಊರ ನಡು ಅಂತ ಅರ್ಥ. ತಹ್ರೀರ್ ಚೌಕ, ತಲಾತ್ ಹರ್ಬ್ ಚೌಕ, ಅತಬಾ, ಈ ಮೂರರ ಮಧ್ಯೆ ಬರುವ ಹಳೆಯ ಪೇಟೆ ಅದು. ಮೆಟ್ರೋ ಸ್ಟೇಷನ್ ಐದು ನಿಮಿಷದ ನಡಿಗೆ. ತಹ್ರೀರ್ ಚೌಕದ ಹಳೆಯ ಮ್ಯೂಸಿಯಂಗೂ ನಡೆದೇ ಹೋಗಬಹುದು. ರಾತ್ರಿ ಹನ್ನೊಂದಕ್ಕೆ ಹಸಿವಾದರೂ ಬಿಸಿ ಊಟ ಸಿಗುತ್ತದೆ. ಗೀಜಾದಲ್ಲಿ ಉಳಿದರೆ ಮಹಡಿಯಿಂದಲೇ ಪಿರಮಿಡ್ ಕಾಣುತ್ತದೆ, ಅದು ನಿಜ, ಆದರೆ ಉಳಿದ ಕೈರೋ ನೋಡೋಕೆ ದಿನಾ ಟ್ರಾಫಿಕ್ಕಿನಲ್ಲಿ ಕೂರಬೇಕು. ಆಸೆ ಇದ್ದರೆ ಒಂದು ರಾತ್ರಿ ಅಲ್ಲಿರಿ, ಮಿಕ್ಕ ದಿನ ಇಲ್ಲಿರಿ.

ನಮ್ಮ ಕಡೆ ಹೋಟೆಲ್ ಅಂದರೆ ಊಟದ ಜಾಗ, ಮಲಗೋಕೆ ಲಾಡ್ಜ್, ಅಲ್ವಾ? ಅಲ್ಲಿ ಲಾಡ್ಜಿಗೆ ಫುಂದುಕ್ ಅನ್ನುತ್ತಾರೆ. ಕೈರೋದವರು ಕೊನೆಯ ಅಕ್ಷರ ನುಂಗಿಬಿಡುತ್ತಾರೆ, ಕಿವಿಗೆ ಫೊಂದೊ ಅಂತ ಕೇಳಿಸುತ್ತದೆ. ಒಂದೇ ಮಹಡಿಯಲ್ಲಿ ಏಳೆಂಟು ರೂಮು ಇಟ್ಟುಕೊಂಡು ನಡೆಸುವ ಜಾಗಕ್ಕೆ ಬನ್ಸಿಯೋನ್ ಅಂತಾರೆ. ಫ್ರೆಂಚ್ ಪೆನ್ಸಿಯೋನ್ ಅದು. ಅರಬ್ಬಿಯಲ್ಲಿ ಪ ಇಲ್ಲ, ಅದಕ್ಕೆ ಬ. ಲೊಕಾಂಡಾ ಅನ್ನೋದು ಎಲ್ಲಕ್ಕಿಂತ ಅಗ್ಗದ್ದು, ಹಳ್ಳಿಯಿಂದ ಕೆಲಸಕ್ಕೆ ಬಂದವರು ರಾತ್ರಿ ಕಳೆಯುವ ಜಾಗ. ನಮಗೆ ಬೇಕಾದದ್ದು ನಡುವಿನದು. ಬಾತ್‌ರೂಮ್ ಸೇರಿದ ಚೊಕ್ಕ ರೂಮಿಗೆ ಸಾಮಾನ್ಯವಾಗಿ 15ರಿಂದ 35 ಡಾಲರ್ ಆಗುತ್ತದೆ.

ಈ ಬೆಲೆಯಲ್ಲಿ ನಾನು ಕಲಿತ ಪಾಠ ಇಷ್ಟು: ಲಾಡ್ಜಿನ ಹೆಸರು ನೋಡಬೇಡಿ, ರೂಮು ನೋಡಿ. ಒಂದೇ ಲಾಡ್ಜಿನಲ್ಲಿ ಮೂರನೇ ನಂಬರ್ ರೂಮಿನಲ್ಲಿ ಸುಖವಾಗಿ ನಿದ್ದೆ ಬರುತ್ತದೆ, ಏಳನೇ ನಂಬರಿನಲ್ಲಿ ಕಣ್ಣು ಮುಚ್ಚೋಕೆ ಆಗೋದಿಲ್ಲ. ಬಾಡಿಗೆ ಎರಡಕ್ಕೂ ಒಂದೇ.

ಕೆಳಗಿನ ಬಾಗಿಲು ನೋಡಿ ವಾಪಸ್ ಹೋಗಬೇಡಿ

ಇಲ್ಲಿ ಇಡೀ ಕಟ್ಟಡ ಲಾಡ್ಜ್ ಆಗಿರುವುದು ಕಡಿಮೆ. ಆರೇಳು ಮಹಡಿಯ ಹಳೆಯ ಕಟ್ಟಡದಲ್ಲಿ ನಾಲ್ಕನೆಯದೋ ಐದನೆಯದೋ ಮಹಡಿ ಮಾತ್ರ ಲಾಡ್ಜ್. ಕೆಳಗೆ ಚಪ್ಪಲಿ ಅಂಗಡಿ, ಅದರ ಮೇಲೆ ವಕೀಲರ ಆಫೀಸು, ಹಲ್ಲಿನ ಡಾಕ್ಟರು, ಅದರ ಮೇಲೆ ನಿಮ್ಮ ರೂಮು. ಬೋರ್ಡು ಚಿಕ್ಕದು, ಎಷ್ಟೋ ಸಲ ಬೇರೆ ಬೋರ್ಡುಗಳ ಹಿಂದೆ ಅಡಗಿರುತ್ತದೆ. ಮ್ಯಾಪ್ ತೋರಿಸಿದ ಜಾಗಕ್ಕೆ ಬಂದು ನಿಂತರೂ ಲಾಡ್ಜ್ ಕಾಣದೆ ಎರಡು ಸುತ್ತು ಹೊಡೆಯುವುದು ಎಲ್ಲರಿಗೂ ಆಗುತ್ತದೆ.

ಬಾಗಿಲ ಬಳಿಗೆ ಬಂದರೆ ಇನ್ನೂ ಗಾಬರಿ. ಒಡೆದ ಅಮೃತಶಿಲೆ ಮೆಟ್ಟಿಲು, ಗೋಡೆಯ ಮೇಲೆ ಜೋತುಬಿದ್ದ ವೈರುಗಳು, ಧೂಳು, ಮಬ್ಬು ಬೆಳಕು. ಇಂಥ ಜಾಗದಲ್ಲಿ ಹೆಂಡತಿ ಮಕ್ಕಳನ್ನು ಕರಕೊಂಡು ಉಳಿಯೋದು ಹೇಗೆ ಅನ್ನಿಸುತ್ತದೆ. ಆದರೆ ಮೇಲೆ ಹತ್ತಿ ಲಾಡ್ಜಿನ ಬಾಗಿಲು ತೆಗೆದರೆ ಒಳಗೆ ಒರೆಸಿದ ನೆಲ, ಒಗೆದ ಪರದೆ. ಇದಕ್ಕೊಂದು ಕಾರಣ ಇದೆ. 1863ರಿಂದ 1879ರವರೆಗೆ ಈಜಿಪ್ಟ್ ಆಳಿದ ಖೆದಿವ್ ಇಸ್ಮಾಯಿಲ್ 1867ರಲ್ಲಿ ಪ್ಯಾರಿಸ್ಸಿನ ದೊಡ್ಡ ವಸ್ತುಪ್ರದರ್ಶನ ನೋಡಿಕೊಂಡು ಬಂದು, ಕೈರೋದಲ್ಲೂ ಅಂಥದ್ದೇ ಅಗಲ ರಸ್ತೆ, ದುಂಡು ಚೌಕ ಬೇಕು ಅಂತ ಈ ಪೇಟೆಯನ್ನು ಹಾಕಿಸಿದ. ಈಗ ನಿಂತಿರುವ ಕಟ್ಟಡಗಳು ಹೆಚ್ಚಿನವು ಆಮೇಲಿನ ದಶಕಗಳಲ್ಲಿ ಎದ್ದವು. ಅದಕ್ಕೇ ಎತ್ತರದ ಸೂರು, ಉದ್ದುದ್ದ ಕಿಟಕಿ, ಕಬ್ಬಿಣದ ಹೂಬಳ್ಳಿಯ ಬಾಲ್ಕನಿ. ಇಪ್ಪತ್ತನೇ ಶತಮಾನದ ನಡುವೆ ಸರ್ಕಾರ ಬಾಡಿಗೆಯನ್ನು ಕಟ್ಟಿಹಾಕಿತು. ಬಾಡಿಗೆ ಏರಲಿಲ್ಲ, ಮಾಲೀಕರು ರಿಪೇರಿ ಕೈಬಿಟ್ಟರು. ಮನೆಯೊಳಗಿನದನ್ನು ಮನೆಯವರು ನೋಡಿಕೊಂಡರು. ಮೆಟ್ಟಿಲು, ಮುಂಬಾಗಿಲು ಎಲ್ಲರಿಗೂ ಸೇರಿದ್ದು, ಆದ್ದರಿಂದ ಯಾರೂ ನೋಡಲಿಲ್ಲ. 2025ರಲ್ಲಿ ಈ ಹಳೆಯ ಬಾಡಿಗೆ ಪದ್ಧತಿಯನ್ನು ಹಂತಹಂತವಾಗಿ ಮುಗಿಸುವ ಕಾನೂನು ಬಂದಿದೆ. ಇಷ್ಟು ವರ್ಷದ ಧೂಳು ಮಾತ್ರ ಅಷ್ಟು ಬೇಗ ಹೋಗುವುದಲ್ಲ.

ಬಾಗಿಲಲ್ಲಿ ಮರದ ಬೆಂಚಿನ ಮೇಲೆ ಒಬ್ಬರು ಕೂತಿರುತ್ತಾರೆ. ಅವರೇ ಬವ್ವಾಬ್, ಕಟ್ಟಡ ಕಾಯುವವರು. ಇವರನ್ನು ದಾಟಿ ಸೀದಾ ಒಳಗೆ ನುಗ್ಗಬೇಡಿ. ಬಲಗೈ ಎದೆಗೆ ತಂದು "ಸಲಾಮು ಅಲೈಕುಂ" ಅಂದು ಲಾಡ್ಜಿನ ಹೆಸರು ಹೇಳಿ. ಎಷ್ಟನೇ ಮಹಡಿ ಅಂತ ಬೆರಳಲ್ಲಿ ತೋರಿಸುತ್ತಾರೆ, ಬೇಕಾದರೆ ಸೂಟ್‌ಕೇಸ್ ಕೂಡ ಹೊರುತ್ತಾರೆ. ಮರುದಿನದಿಂದ ಹೋಗುವಾಗ ಬರುವಾಗ ಒಂದು ನಮಸ್ಕಾರ ಇರಲಿ. ರಾತ್ರಿ ತಡವಾಗಿ ಬಂದಾಗ ಬಾಗಿಲು ತೆಗೆಯುವವರು ಅವರೇ, ಯಾರಾದರೂ ಹಿಂದೆ ಬಿದ್ದು ತೊಂದರೆ ಕೊಟ್ಟರೆ ಗದರಿ ಕಳಿಸುವವರೂ ಅವರೇ.

ಇನ್ನು ಲಿಫ್ಟ್. ಮೆಟ್ಟಿಲು ಸುತ್ತಿಕೊಂಡು ಹೋಗುವ ನಡುವಿನ ಜಾಗದಲ್ಲಿ ಕಬ್ಬಿಣದ ಜಾಲರಿ, ಅದರೊಳಗೆ ಮರದ ಪೆಟ್ಟಿಗೆ. ಹೊರಗೊಂದು ಕಬ್ಬಿಣದ ಬಾಗಿಲು, ಒಳಗೆ ಎರಡು ಮರದ ರೆಕ್ಕೆ. ಎರಡನ್ನೂ ಕ್ಲಿಕ್ ಅನ್ನುವ ಹಾಗೆ ಮುಚ್ಚದಿದ್ದರೆ ಅದು ಅಲುಗೋದಿಲ್ಲ. ಇಳಿದ ಮೇಲೂ ಅಷ್ಟೆ. ನೀವು ಐದನೇ ಮಹಡಿಯಲ್ಲಿ ಬಾಗಿಲು ತೆರೆದಿಟ್ಟು ಹೋದರೆ ಲಿಫ್ಟ್ ಅಲ್ಲೇ ನಿಲ್ಲುತ್ತದೆ, ಕೆಳಗೆ ಕಾಯುವ ವಯಸ್ಸಾದವರು ಜಾಲರಿ ಬಡಿದು "ಅಲ್ ಬಾಬ್! ಅಲ್ ಬಾಬ್!" ಅಂತ ಕೂಗುತ್ತಾರೆ. ಬಾಗಿಲು, ಬಾಗಿಲು ಅಂತ. ದೊಡ್ಡ ಸೂಟ್‌ಕೇಸ್ ಇದ್ದರೆ ಮೊದಲು ಸಾಮಾನು ಕಳಿಸಿ, ನೀವು ಮೆಟ್ಟಿಲು ಹತ್ತಿ. ಮೂರು ಜನಕ್ಕಿಂತ ಜಾಸ್ತಿ ತುಂಬಬೇಡಿ.

ಬುಕ್ ಮಾಡುವಾಗ

ಐದು ದಿನ ಇರುವುದಾದರೂ ಮೊದಲ ಒಂದು ರಾತ್ರಿಯನ್ನಷ್ಟೇ ಬುಕ್ ಮಾಡಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲ ಸಲ ಹೋದಾಗ ರಾತ್ರಿ ಎರಡು ಗಂಟೆಗೆ ತಲುಪಿದ್ದೆ. ನಿದ್ದೆಗಣ್ಣಲ್ಲಿ ಮೂರು ರಾತ್ರಿಯ ದುಡ್ಡು ಎಣಿಸಿಕೊಟ್ಟು ಆಮೇಲೆ ರೂಮಿನ ಬಾಗಿಲು ತೆಗೆದೆ. ಕಿಟಕಿ ತೆರೆದರೆ ಎದುರಿಗೆ ಕೈಗೆಟಕುವ ದೂರದಲ್ಲಿ ಗೋಡೆ, ಕೆಳಗಿಂದ ಯಾರದೋ ಅಡುಗೆಮನೆಯ ಕರಿದ ಎಣ್ಣೆಯ ವಾಸನೆ, ನಲ್ಲಿಯಲ್ಲಿ ತಣ್ಣೀರು. ಬೆಳಿಗ್ಗೆ ಬೇರೆ ರೂಮು ಕೇಳಿದರೆ ಎಲ್ಲ ಭರ್ತಿ ಅಂದರು. ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ಮೂರು ರಾತ್ರಿಯನ್ನೂ ಅಲ್ಲೇ ಕಳೆದೆ. ಅದಾದ ಮೇಲೆ ಒಮ್ಮೆಯೂ ರೂಮು ನೋಡದೆ ದುಡ್ಡು ಕೊಟ್ಟಿಲ್ಲ.

ಬುಕ್ ಮಾಡಿದ ಮೇಲೆ ಲಾಡ್ಜಿನವರಿಗೆ ಒಂದು ಮೆಸೇಜ್ ಹಾಕಿ. ಹೆಚ್ಚಿನವರು ವಾಟ್ಸ್ಯಾಪ್ ಇಟ್ಟುಕೊಂಡಿರುತ್ತಾರೆ. ಲಿಫ್ಟ್ ಕೆಲಸ ಮಾಡುತ್ತಾ, ಎಸಿಗೆ ಬೇರೆ ದುಡ್ಡಾ, ರಾತ್ರಿ ಇಷ್ಟು ಗಂಟೆಗೆ ಬರುತ್ತೇವೆ ಯಾರಾದರೂ ಎದ್ದಿರುತ್ತಾರಾ, ಇಷ್ಟು ಕೇಳಿದರೆ ಸಾಕು. ಮುಖ್ಯವಾಗಿ ತೋರಿಸಿದ ಬೆಲೆಯಲ್ಲಿ ತೆರಿಗೆ ಸೇರಿದೆಯಾ ಅಂತ ಕೇಳಿ. ಅಲ್ಲಿ ವ್ಯಾಟ್ 14%, ಅದರ ಜೊತೆ ಸರ್ವಿಸ್ ಚಾರ್ಜ್ ಅಂತ 12% ಸೇರಿಸುವ ರೂಢಿ ಇದೆ. ಎರಡೂ ಸೇರಿದರೆ ಬಿಲ್ಲು ಕಾಲು ಭಾಗ ಏರುತ್ತದೆ. ಉತ್ತರ ಬರಹದಲ್ಲಿ ಇದ್ದರೆ ಹೊರಡುವ ದಿನ ವಾದ ಇರೋದಿಲ್ಲ.

ಹಳೆಯ ಪ್ರವಾಸ ಬರಹಗಳಲ್ಲಿ ಈಜಿಪ್ಟಿನ ಪೌಂಡಿನಲ್ಲಿ ಕೊಟ್ಟ ಬೆಲೆಗಳನ್ನು ನಂಬಬೇಡಿ. 2024ರ ಮಾರ್ಚಿನಲ್ಲಿ ಒಂದೇ ದಿನ ಡಾಲರಿಗೆ ಸುಮಾರು 31 ಪೌಂಡ್ ಇದ್ದದ್ದು 50ರ ಹತ್ತಿರ ಹೋಯಿತು. ಡಾಲರ್ ಲೆಕ್ಕದಲ್ಲಿ ಹೋಲಿಸಿ ನೋಡಿ. ನಮ್ಮ ರೂಪಾಯಿ ಅಲ್ಲಿ ಬದಲಾಗುತ್ತದೆ ಅಂತ ನಂಬಿಕೊಂಡು ಹೋಗಬೇಡಿ, ಡಾಲರ್ ಒಯ್ಯಿರಿ. ನೋಟು ಹರಿದಿರಬಾರದು, ಮೇಲೆ ಪೆನ್ನಿನ ಗೆರೆ ಇರಬಾರದು.

ವಿಮಾನ ನಿಲ್ದಾಣದಿಂದ ಪೇಟೆಗೆ ಸುಮಾರು 20 ಕಿಲೋಮೀಟರ್. ನಮ್ಮ ಕಡೆಯಿಂದ ಗಲ್ಫ್ ಮೂಲಕ ಹೋಗುವವರು ಎಷ್ಟೋ ಸಲ ಅಪರಾತ್ರಿ ಇಳಿಯುತ್ತಾರೆ. ಆಗ ಊಬರ್ ಹಿಡಿಯಿರಿ, ಇಲ್ಲ ಲಾಡ್ಜಿನವರಿಗೇ ಕಾರು ಕಳಿಸಲು ಹೇಳಿ. "ನಿಮ್ಮ ಲಾಡ್ಜ್ ಮುಚ್ಚಿಹೋಗಿದೆ, ನಾನು ಒಳ್ಳೆ ಜಾಗಕ್ಕೆ ಕರಕೊಂಡು ಹೋಗ್ತೀನಿ" ಅನ್ನುವವರು ಸಿಗಬಹುದು. ಅವರಿಗೆ ಬೇರೆ ಲಾಡ್ಜಿನಿಂದ ಕಮಿಷನ್ ಬರುತ್ತದೆ. ಅವರ ಎದುರಿಗೇ ನಿಮ್ಮ ಲಾಡ್ಜಿಗೆ ಫೋನ್ ಮಾಡಿ, ಮಾತು ಅಲ್ಲಿಗೆ ಮುಗಿಯುತ್ತದೆ. ಒಂದೇ ತರಹದ ಹೆಸರಿನ ಲಾಡ್ಜುಗಳೂ ಜಾಸ್ತಿ. ಬರೀ ಹೆಸರು ಸಾಲದು, ಬೀದಿ ಮತ್ತು ಕಟ್ಟಡದ ನಂಬರ್ ಅರಬ್ಬಿಯಲ್ಲಿ ಬರೆದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ರೂಮು ನೋಡುವ ಹತ್ತು ನಿಮಿಷ

"ಮುಮ್ಕಿನ್ ಅಶೂಫ್ ಅಲ್ ಓದಾ?" ರೂಮು ನೋಡಬಹುದಾ ಅಂತ. ಇದೊಂದು ವಾಕ್ಯ ಬಾಯಿಪಾಠ ಮಾಡಿ. ಯಾರೂ ಬೇಜಾರು ಮಾಡಿಕೊಳ್ಳೋದಿಲ್ಲ. ಖಾಲಿ ಇರುವ ಎರಡು ಮೂರು ರೂಮು ತೋರಿಸಿ ಅಂತ ಕೇಳಿ, ಒಂದೇ ತೋರಿಸಿದರೆ ಇನ್ನೊಂದು ಕೇಳಿ.

ಮೊದಲು ಕಿಟಕಿಯ ಹತ್ತಿರ ಹೋಗಿ. ಈ ಕಟ್ಟಡಗಳಲ್ಲಿ ಕಿಟಕಿ ಎರಡು ತರಹ. ಒಂದು ಬೀದಿಗೆ ತೆರೆಯುತ್ತದೆ, ಗಾಳಿ ಬೆಳಕು ಚೆನ್ನಾಗಿರುತ್ತದೆ, ಜೊತೆಗೆ ಹಾರನ್ ಸದ್ದು ರಾತ್ರಿ ಎರಡರವರೆಗೂ. ಇನ್ನೊಂದು ಮನ್ವರ್‌ಗೆ ತೆರೆಯುತ್ತದೆ. ಮನ್ವರ್ ಅಂದರೆ ಕಟ್ಟಡದ ನಡುವೆ ಮೇಲಿಂದ ಕೆಳಗಿನವರೆಗೆ ಬಿಟ್ಟಿರುವ ಬಾವಿಯಂಥ ಖಾಲಿ ಜಾಗ. ಅಡುಗೆಮನೆ, ಬಾತ್‌ರೂಮುಗಳ ಕಿಟಕಿ, ಪೈಪು, ಒಗೆದ ಬಟ್ಟೆ ಎಲ್ಲ ಅದರ ಕಡೆಗೆ. ಹಿಂದೆ ಕೆಲಸದವರು ಹತ್ತಿ ಇಳಿಯುತ್ತಿದ್ದ ಕಬ್ಬಿಣದ ಮೆಟ್ಟಿಲು ಕೂಡ ಕೆಲವು ಕಡೆ ಅಲ್ಲೇ ಇರುತ್ತದೆ. ಮನ್ವರ್ ಕಡೆಯ ರೂಮಿಗೆ ಹಾರನ್ ಸದ್ದು ಕಡಿಮೆ, ಬೇಸಿಗೆಯಲ್ಲಿ ತುಸು ತಂಪು. ಆದರೆ ತಳದಲ್ಲಿ ಕಸ ಬಿದ್ದಿದ್ದರೆ ವಾಸನೆ, ಸೊಳ್ಳೆ ಎರಡೂ ಮೇಲೆ ಬರುತ್ತವೆ. ಕಿಟಕಿ ತೆರೆದು ತಲೆ ಹೊರಗೆ ಹಾಕಿ ಕೆಳಗೆ ನೋಡಿ, ಒಂದು ಸಲ ಉಸಿರೆಳೆದುಕೊಳ್ಳಿ. ವಾಸನೆ ಇಲ್ಲ ಅಂದರೆ ನಿದ್ದೆ ಬೇಕಾದವರು ಆ ರೂಮನ್ನೇ ತೆಗೆದುಕೊಳ್ಳಿ. ಬೀದಿ ಕಡೆಯದೇ ಬೇಕು ಅನ್ನುವವರು ಆದಷ್ಟು ಮೇಲಿನ ಮಹಡಿ ಕೇಳಿ. ಬಾಲ್ಕನಿಯಲ್ಲಿ ನಿಂತು ಬೆಳಗಿನ ಬೀದಿ ನೋಡುವ ಸುಖ ಬೇರೆಯೇ. ತಲೆ ಮೇಲೆ ಬಾಗಿಲಷ್ಟು ಉದ್ದದ ಹಲಗೆಯಲ್ಲಿ ರೊಟ್ಟಿ ಹೊತ್ತು ಒಂದೇ ಕೈಯಲ್ಲಿ ಸೈಕಲ್ ಹಿಡಿದು ಹಾರನ್‌ಗಳ ನಡುವೆ ಹೋಗುವ ಹುಡುಗ, ಎದುರು ಮನೆಯಿಂದ ಹಗ್ಗ ಕಟ್ಟಿ ಇಳಿಬಿಟ್ಟ ಬುಟ್ಟಿ, ಅದರೊಳಗೆ ಅಂಗಡಿಯವನು ಹಾಕಿಕೊಡುವ ಹಾಲಿನ ಪ್ಯಾಕೆಟ್ಟು. ಇದನ್ನೆಲ್ಲ ನೋಡುತ್ತಾ ಅರ್ಧ ಗಂಟೆ ಹೋದದ್ದೇ ಗೊತ್ತಾಗೋದಿಲ್ಲ.

ಆಮೇಲೆ ಬಾತ್‌ರೂಮು. ಬಿಸಿನೀರಿಗೆ ಮಯ್ಯಾ ಸುಖ್ನಾ ಅನ್ನುತ್ತಾರೆ. ಇದೆ ಅಂದ ಮಾತು ಸಾಲದು, ನಲ್ಲಿ ತಿರುಗಿಸಿ ಎರಡು ನಿಮಿಷ ಬಿಟ್ಟು ಕೈ ಹಿಡಿದು ನೋಡಿ. ಇಲ್ಲಿ ಒಂದು ಗಂಭೀರವಾದ ಮಾತಿದೆ. ಹಳೆಯ ಕಟ್ಟಡಗಳಲ್ಲಿ ಎಷ್ಟೋ ಕಡೆ ಬಿಸಿನೀರು ಗ್ಯಾಸ್ ಗೀಸರಿನಿಂದ ಬರುತ್ತದೆ, ಅದು ಬಾತ್‌ರೂಮಿನ ಒಳಗೇ ಇರಬಹುದು. ಗ್ಯಾಸ್ ಗೀಸರ್ ಉರಿಯುವ ಬಾತ್‌ರೂಮಿನಲ್ಲಿ ಕಿಟಕಿ ಮುಚ್ಚಿ ಸ್ನಾನ ಮಾಡಿ ಜೀವ ಹೋದವರ ಸುದ್ದಿ ನಮ್ಮ ಬೆಂಗಳೂರಿನಲ್ಲೇ ಓದಿದ್ದೇವೆ. ಗಾಳಿ ಆಡದ ಕಡೆ ಗ್ಯಾಸ್ ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ಭಾರ ಆಗುತ್ತದೆ, ವಾಕರಿಕೆ ಬರುತ್ತದೆ, ಎದ್ದು ಬಾಗಿಲು ತೆಗೆಯೋಕೂ ಶಕ್ತಿ ಉಳಿಯೋದಿಲ್ಲ. ಗೋಡೆಯ ಮೇಲೆ ಬಿಳಿ ಪೆಟ್ಟಿಗೆ ಕಂಡು ಅದರೊಳಗೆ ನೀಲಿ ಜ್ವಾಲೆ ಇದ್ದರೆ, ಮೇಲಿಂದ ದಪ್ಪ ಕೊಳವೆ ಹೊರಟು ಹೊರಗಿನ ಗಾಳಿಗೆ ತೆರೆದಿದೆಯಾ ಅಂತ ನೋಡಿ. ಕೊಳವೆ ಇಲ್ಲ, ಅಥವಾ ಅರ್ಧಕ್ಕೆ ಕಿತ್ತುಹೋಗಿದೆ ಅಂದರೆ ಆ ರೂಮು ಬೇಡವೇ ಬೇಡ, ಎಷ್ಟೇ ಚೆನ್ನಾಗಿರಲಿ. ಕೊಳವೆ ಇದ್ದರೂ ಸ್ನಾನ ಮಾಡುವಾಗ ಬಾತ್‌ರೂಮಿನ ಕಿಟಕಿ ತೆಗೆದಿಡಿ, ಮಕ್ಕಳನ್ನು ಒಳಗೆ ತುಂಬಾ ಹೊತ್ತು ಬಿಡಬೇಡಿ. ಚಳಿಗಾಲದಲ್ಲಿ ಕಿಟಕಿ ಮುಚ್ಚುವ ಮನಸ್ಸಾಗುತ್ತದೆ. ಆಗಲೇ ಅಪಾಯ ಜಾಸ್ತಿ.

ನಮ್ಮವರಿಗೆ ಸಮಾಧಾನದ ವಿಷಯ, ಟಾಯ್ಲೆಟ್ಟಿನಲ್ಲಿ ನೀರು ಇರುತ್ತದೆ. ಶತ್ತಾಫ್ ಅನ್ನುತ್ತಾರೆ. ಕೆಲವು ಕಡೆ ನಮ್ಮ ಹಾಗೆ ಕೈಯಲ್ಲಿ ಹಿಡಿಯುವ ಜೆಟ್, ಕೆಲವು ಕಡೆ ಕಮೋಡಿನ ಒಳಗೇ ಸಣ್ಣ ಕೊಳವೆ, ಅದರ ತಿರುಪು ಪಕ್ಕದ ಗೋಡೆಯಲ್ಲಿ. ಮೊದಲ ಸಲ ನಿಧಾನವಾಗಿ ತಿರುಗಿಸಿ, ಒತ್ತಡ ಜೋರಾಗಿರುತ್ತದೆ. ಪೇಪರನ್ನು ಕಮೋಡಿಗೆ ಹಾಕಬೇಡಿ, ಪೈಪು ಹಳೆಯವು, ಪಕ್ಕದ ಬುಟ್ಟಿಗೆ ಹಾಕಿ.

ಹಾಸಿಗೆಯ ಮೂಲೆಯ ಬಟ್ಟೆ ಎತ್ತಿ, ಹೊಲಿಗೆಯ ಸಾಲಿನ ಮೇಲೆ ಮೊಬೈಲ್ ಟಾರ್ಚ್ ಬಿಡಿ. ಸಾಸಿವೆಯಂಥ ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆ ಅಂತ ಅರ್ಥ. ಬಾಗಿಲ ಚಿಲಕ ಒಳಗಿಂದ ಬೀಳುತ್ತದಾ ನೋಡಿ. ಎಸಿಗೆ ತಕ್ಯೀಫ್ ಅನ್ನುತ್ತಾರೆ, ಮೇಯಿಂದ ಸೆಪ್ಟೆಂಬರ್‌ವರೆಗೆ ಹೋಗುವವರು ಅದನ್ನು ಹಾಕಿಸಿ ತಣ್ಣನೆ ಗಾಳಿ ಬರುವವರೆಗೆ ಕಾಯಿರಿ. ಡಿಸೆಂಬರ್, ಜನವರಿಯಲ್ಲಿ ರಾತ್ರಿ 10 ಡಿಗ್ರಿಗೆ ಇಳಿಯುತ್ತದೆ, ಈ ಲಾಡ್ಜುಗಳಲ್ಲಿ ಹೀಟರ್ ಇರೋದು ಅಪರೂಪ. ಇನ್ನೊಂದು ಕಂಬಳಿ ಮೊದಲೇ ಕೇಳಿಟ್ಟುಕೊಳ್ಳಿ. ಕರೆಂಟು ನಮ್ಮ ಹಾಗೆಯೇ, 220 ವೋಲ್ಟ್. ಮೊಬೈಲಿನ ಎರಡು ಪಿನ್ ಚಾರ್ಜರ್ ಸೀದಾ ಕೂರುತ್ತದೆ. ಲ್ಯಾಪ್‌ಟಾಪಿನ ಮೂರು ಪಿನ್ನಿನ ಪ್ಲಗ್ ಕೂರೋದಿಲ್ಲ, ಅಡಾಪ್ಟರ್ ಮನೆಯಿಂದಲೇ ಒಯ್ಯಿರಿ.

ಎಲ್ಲ ಸರಿ ಇದ್ದರೆ ಒಂದೊಂದು ರಾತ್ರಿಯ ದುಡ್ಡು ಕೊಡುತ್ತಾ ಹೋಗಿ, ಕೊಟ್ಟಾಗಲೆಲ್ಲ ರಸೀದಿ ತಗೊಳ್ಳಿ. ನಾಲ್ಕು ದಿನ ಇರುತ್ತೇವೆ ಅಂದರೆ ಬೆಲೆ ಇಳಿಸುತ್ತಾರೆ, ಕೇಳಬಹುದು. ಪಾಸ್‌ಪೋರ್ಟ್ ತೋರಿಸಲೇಬೇಕು, ವಿದೇಶಿಯರ ವಿವರ ಬರೆದಿಡುವುದು ಅವರ ಕರ್ತವ್ಯ. ಝೆರಾಕ್ಸ್ ಮಾಡಿಕೊಂಡು ಅಲ್ಲೇ ವಾಪಸ್ ಕೊಡಲಿ. "ನಾಳೆ ಕೊಡ್ತೀವಿ, ಇಲ್ಲೇ ಇರಲಿ" ಅಂದರೆ ಒಪ್ಪಬೇಡಿ. ಎರಡು ಪ್ರತಿ ನೀವೇ ಒಯ್ದರೆ ಇನ್ನೂ ಒಳ್ಳೆಯದು.

ಅಂಕಿ ಮತ್ತು ಚಿಲ್ಲರೆ

ಹಳೆಯ ಬಸ್ಸುಗಳ ಮೇಲೆ ಕನ್ನಡ ಅಂಕಿ ಓದಿ ಬೆಳೆದ ನಮಗೆ ಅರಬ್ಬಿ ಅಂಕಿ ಕಲಿಯೋದು ಕಷ್ಟವಲ್ಲ. ವಿಮಾನದಲ್ಲಿ ಕೂತು ಅರ್ಧ ಗಂಟೆ ಕೊಡಿ. ಅಂಗಡಿಯ ಬೆಲೆಚೀಟಿ, ಕಟ್ಟಡದ ನಂಬರ್, ಕಾರಿನ ನಂಬರ್ ಪ್ಲೇಟು ಎಲ್ಲ ಅದರಲ್ಲೇ ಇರುತ್ತದೆ. ಒಂದು ಬರೀ ನೆಟ್ಟಗಿನ ಗೆರೆ. ನಾಲ್ಕು, ಇಂಗ್ಲಿಷಿನ ಮೂರನ್ನು ತಿರುಗಿಸಿಟ್ಟ ಹಾಗೆ. ಆರು, ಇಂಗ್ಲಿಷಿನ ಏಳರ ಹಾಗೆ. ಏಳು, ಮೇಲಕ್ಕೆ ಬಾಯ್ತೆರೆದ ಮೂಲೆ. ಎಂಟು, ಅದನ್ನೇ ಬೋರಲು ಹಾಕಿದ ಹಾಗೆ. ಮೋಸ ಹೋಗುವುದು ಐದು ಮತ್ತು ಸೊನ್ನೆಯಲ್ಲಿ: ನಮ್ಮ ಕಣ್ಣಿಗೆ ಸೊನ್ನೆಯಾಗಿ ಕಾಣುವ ಉರುಟು ಐದು, ಸೊನ್ನೆ ಬರೀ ಚುಕ್ಕೆ. ಉರುಟು, ಪಕ್ಕದಲ್ಲಿ ಚುಕ್ಕೆ ಕಂಡರೆ ಅದು ಐವತ್ತು. ಅಕ್ಷರ ಬಲದಿಂದ ಎಡಕ್ಕೆ, ಅಂಕಿ ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೆ.

ಚಿಲ್ಲರೆಗೆ ಫಕ್ಕಾ ಅನ್ನುತ್ತಾರೆ. ಇಡೀ ಊರಲ್ಲಿ ಯಾರ ಹತ್ತಿರವೂ ಫಕ್ಕಾ ಇರೋದಿಲ್ಲ. ಎಟಿಎಂ 200ರ ನೋಟು ಕೊಡುತ್ತದೆ, ಅದನ್ನು ಮುರಿಸುವುದೇ ದೊಡ್ಡ ಕೆಲಸ. ದೊಡ್ಡ ಅಂಗಡಿಗಳಲ್ಲಿ ದೊಡ್ಡ ನೋಟು ಕೊಟ್ಟು 10, 20ರ ನೋಟುಗಳನ್ನು ಕೂಡಿಟ್ಟುಕೊಳ್ಳಿ. ಬೇರೆ ಜೇಬಿನಲ್ಲಿಡಿ. ರೂಮು ಗುಡಿಸುವವರಿಗೆ, ಸಾಮಾನು ಹೊತ್ತ ಬವ್ವಾಬ್‌ಗೆ ಬಕ್ಷೀಶ್ ಕೊಡುವುದು ಅಲ್ಲಿಯ ರೀತಿ. ಇದನ್ನು ಕಿರಿಕಿರಿ ಅಂದುಕೊಳ್ಳಬೇಡಿ, ಅವರ ಸಂಬಳ ತುಂಬಾ ಕಡಿಮೆ. ಕೈಯಲ್ಲಿ ಕೈ ಇಟ್ಟು ಕೊಡಿ, ಮೇಜಿನ ಮೇಲೆ ಎಸೆದು ಬರಬೇಡಿ. ಕೇಳದೆಯೇ ದಾರಿ ತೋರಿಸುತ್ತೇನೆ ಅಂತ ಬೆನ್ನು ಹತ್ತಿದವರಿಗೆ ಮಾತ್ರ "ಲಾ, ಶುಕ್ರನ್" ಅಂದು ಮುಂದೆ ನಡೆಯಿರಿ.

ತಿಂಡಿ, ಊಟ

ಬಾಡಿಗೆಯಲ್ಲಿ ತಿಂಡಿ ಸೇರಿದ್ದರೆ ಬೇಯಿಸಿದ ಮೊಟ್ಟೆ, ಬಿಳಿ ಚೀಸು, ಜಾಮು, ರೊಟ್ಟಿ, ಟೀ ಬರುತ್ತದೆ. ಹಾಲು ಹಾಕಿದ ಟೀ ಬೇಕಾದರೆ "ಶಾಯ್ ಬಿ ಲಬನ್" ಅನ್ನಬೇಕು, ಸುಮ್ನೆ ಶಾಯ್ ಅಂದರೆ ಕಪ್ಪು ಟೀ. ನಾನು ಮಾತ್ರ ಬಾಡಿಗೆಯ ತಿಂಡಿ ಬಿಟ್ಟು ಕೆಳಗಿಳಿದು ಫೂಲ್ ಗಾಡಿಯ ಮುಂದೆ ನಿಲ್ಲುತ್ತೇನೆ. ಹೊಟ್ಟೆ ದೊಡ್ಡದು, ಕತ್ತು ಸಣ್ಣದು ಇರುವ ಲೋಹದ ಗಡಿಗೆಯಲ್ಲಿ ಫೂಲ್ ಅನ್ನುವ ಕಂದು ಬಣ್ಣದ ದಪ್ಪ ಕಾಳು ರಾತ್ರಿಯಿಡೀ ಬೆಂದಿರುತ್ತದೆ. ಉದ್ದ ಸೌಟನ್ನು ಓರೆಯಾಗಿ ಇಳಿಸಿ ತೆಗೆದು, ತಟ್ಟೆಯಲ್ಲಿ ಮಸೆದು, ಎಣ್ಣೆ, ಜೀರಿಗೆ ಪುಡಿ, ನಿಂಬೆರಸ ಹಾಕಿ ಕೊಡುತ್ತಾರೆ. ಜೊತೆಗೆ ತೌಡು ಸೇರಿದ ಉಬ್ಬಿದ ರೊಟ್ಟಿ, ಐಶ್ ಬಲದಿ. ಐಶ್ ಅಂದರೆ ಬದುಕು ಅಂತಲೂ ಅರ್ಥ. ಅದೇ ಕಾಳನ್ನು ಹಸಿಯಾಗಿ ರುಬ್ಬಿ ಕೊತ್ತಂಬರಿ ಸೇರಿಸಿ ಕರಿದದ್ದು ತಅಮಿಯ್ಯಾ. ಮುರಿದರೆ ಒಳಗೆ ಹಸಿರು, ಬಾಯಿಗಿಟ್ಟರೆ ನಮ್ಮ ಆಂಬೊಡೆಯ ನೆನಪಾಗುತ್ತದೆ. ಜಿ6ಪಿಡಿ ಕೊರತೆ (ರಕ್ತದಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುವ ತೊಂದರೆ) ಇರುವವರು ಮಾತ್ರ ಈ ಕಾಳನ್ನು ಮುಟ್ಟಬಾರದು, ರಕ್ತಕ್ಕೆ ತೊಂದರೆ ಆಗುತ್ತದೆ.

ಸಸ್ಯಾಹಾರಿಗಳು ಒಂದು ಮಾತು ನೆನಪಿಟ್ಟುಕೊಳ್ಳಿ: ಸಿಯಾಮಿ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ವರ್ಷದಲ್ಲಿ ತುಂಬಾ ದಿನ ಉಪವಾಸ ಮಾಡುತ್ತಾರೆ. ಆಗ ಮಾಂಸ, ಮೊಟ್ಟೆ, ಹಾಲು ಯಾವುದೂ ಇಲ್ಲ. ಆ ಊಟಕ್ಕೆ ಸಿಯಾಮಿ ಅಂತ ಹೆಸರು, ಊರಿನವರಿಗೆಲ್ಲ ಗೊತ್ತು. "ನಾನು ವೆಜಿಟೇರಿಯನ್" ಅಂದರೆ ಕೋಳಿ ತಂದಿಡುವ ಕಡೆಯೂ ಸಿಯಾಮಿ ಅಂದರೆ ತಕ್ಷಣ ಅರ್ಥವಾಗುತ್ತದೆ. ಕೆಲವು ಉಪವಾಸದಲ್ಲಿ ಮೀನು ನಡೆಯುತ್ತದೆ, ಆದ್ದರಿಂದ ಮೀನೂ ಬೇಡ ಅಂತ ಒಂದು ಮಾತು ಸೇರಿಸಿ. ಕೊಶರಿ ಕಣ್ಣು ಮುಚ್ಚಿ ತಿನ್ನಬಹುದು: ಅನ್ನ, ಬೇಳೆ, ಮ್ಯಾಕರೋನಿ, ಕಡಲೆಕಾಳು, ಟೊಮ್ಯಾಟೊ ಸಾರು, ಮೇಲೆ ಗರಿಗರಿ ಹುರಿದ ಈರುಳ್ಳಿ. ಶಾಂಪೋಲಿಯೋ ಬೀದಿಯ ಅಬೂ ತಾರೆಕ್ ಇದಕ್ಕೇ ಹೆಸರಾದ ಜಾಗ. ಮೇಜಿನ ಮೇಲಿನ ಎರಡು ಸೀಸೆಯಲ್ಲಿ ಒಂದು ಬೆಳ್ಳುಳ್ಳಿ ವಿನಿಗರ್, ಇನ್ನೊಂದು ಶತ್ತಾ, ಅಂದರೆ ಖಾರ. ನಮಗೆ ಎರಡೂ ಬೇಕು. ಬೇಳೆ ಸೂಪು, ಮುಲುಖಿಯಾ ಸೊಪ್ಪಿನ ಸಾರು ಎರಡನ್ನೂ ಕೇಳದೆ ತಿನ್ನಬೇಡಿ, ಕೋಳಿ ಅಥವಾ ಮಾಂಸ ಬೇಯಿಸಿದ ನೀರಿನಲ್ಲಿ ಮಾಡಿರುವ ಸಾಧ್ಯತೆ ಇದೆ. ನಲ್ಲಿ ನೀರು ಕುಡಿಯಬೇಡಿ, ಬಾಟಲಿ ತಗೊಳ್ಳಿ, ಮುಚ್ಚಳದ ಸೀಲ್ ಇದೆಯಾ ನೋಡಿ.

ರಂಜಾನ್ ತಿಂಗಳಲ್ಲಿ ಹೋದರೆ ಹಗಲು ಸಣ್ಣ ಊಟದ ಅಂಗಡಿಗಳು ಮುಚ್ಚಿರುತ್ತವೆ. ಸ್ವಲ್ಪ ಹಣ್ಣು, ಬಿಸ್ಕತ್ತು ರೂಮಿನಲ್ಲಿ ಇಟ್ಟುಕೊಂಡು ಒಳಗೇ ತಿನ್ನಿ, ಬೀದಿಯಲ್ಲಿ ಬೇಡ. ಸೂರ್ಯ ಮುಳುಗಿದ ಮೇಲೆ ಇಡೀ ಪೇಟೆ ಎದ್ದು ಕೂರುತ್ತದೆ. ಬೀದಿಯಲ್ಲೇ ಮೇಜು ಹಾಕಿ ಬಂದವರಿಗೆಲ್ಲ ಊಟ ಬಡಿಸುತ್ತಾರೆ, ಕರೆದರೆ ಸಂಕೋಚ ಬೇಡ, ಕೂತುಕೊಳ್ಳಿ.

ನಿದ್ದೆ, ಓಡಾಟ

ಬೆಳಗಿನ ಜಾವ ಅಜಾನ್ ಕೇಳಿಸುತ್ತದೆ, ಹತ್ತಾರು ಮಸೀದಿಗಳಿಂದ, ಒಂದರ ಹಿಂದೆ ಒಂದು. ಎಚ್ಚರ ಆಗೇ ಆಗುತ್ತದೆ. ಹತ್ತು ನಿಮಿಷದಲ್ಲಿ ಮತ್ತೆ ನಿದ್ದೆ ಬರುತ್ತದೆ. ತೆಳು ನಿದ್ದೆಯವರು ಕಿವಿಗೆ ಹಾಕುವ ಸ್ಪಂಜು ಒಯ್ಯಿರಿ. ಶುಕ್ರವಾರ ರಜೆ, ಅವತ್ತು ಬೆಳಿಗ್ಗೆ ಏಳರಿಂದ ಹತ್ತರವರೆಗೆ ಈ ಪೇಟೆ ಖಾಲಿ. ಹಳೆಯ ಕಟ್ಟಡಗಳನ್ನು ತಲೆ ಎತ್ತಿ ನೋಡುತ್ತಾ ನಡೆಯೋಕೆ ಅದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ರಿಸೆಪ್ಷನ್ನಿನಲ್ಲಿ ಪಿರಮಿಡ್ ಟೂರ್ ಮಾಡಿಸುತ್ತೇವೆ ಅಂತ ಮೊದಲ ದಿನವೇ ಹೇಳುತ್ತಾರೆ. ಬೇಕಿದ್ದರೆ ತಗೊಳ್ಳಿ, ಆದರೆ ಪ್ರವೇಶದ ಟಿಕೆಟ್ ಸೇರಿದೆಯಾ, ದಾರಿಯಲ್ಲಿ ಅತ್ತರು ಅಂಗಡಿ, ಪಪೈರಸ್ ಅಂಗಡಿ ಮುಂದೆ ನಿಲ್ಲಿಸುತ್ತಾರಾ ಅಂತ ಕೇಳಿಕೊಂಡೇ ಒಪ್ಪಿ. ನೀವಾಗೇ ಹೋಗುವುದೂ ಸುಲಭ: ತಹ್ರೀರ್ ಕೆಳಗಿನ ಸಾದಾತ್ ಸ್ಟೇಷನ್ನಿನಲ್ಲಿ ಎರಡನೇ ಲೈನ್ ಹತ್ತಿ ಗೀಜಾದಲ್ಲಿ ಇಳಿದು ಅಲ್ಲಿಂದ ಟ್ಯಾಕ್ಸಿ. ತುತಾಂಖಾಮುನ್‌ನ ನಿಧಿ ನೋಡೋಕೆ ಹೋಗುವವರು ಗಮನಿಸಿ, ಅದು ಈಗ ಹಳೆಯ ಮ್ಯೂಸಿಯಂನಲ್ಲಿ ಇಲ್ಲ. ಪಿರಮಿಡ್ ಹತ್ತಿರ 2025ರ ನವೆಂಬರಿನಲ್ಲಿ ಪೂರ್ತಿ ತೆರೆದ ಗ್ರ್ಯಾಂಡ್ ಈಜಿಪ್ಷಿಯನ್ ಮ್ಯೂಸಿಯಂನಲ್ಲಿದೆ. ಪಿರಮಿಡ್, ಈ ಹೊಸ ಮ್ಯೂಸಿಯಂ ಎರಡನ್ನೂ ಒಂದೇ ದಿನ ನೋಡಿ.

ಒಂಟಿಯಾಗಿ ಹೋಗುವ ಹೆಣ್ಣುಮಕ್ಕಳಿಗೆ: ಮೆಟ್ರೋದ ನಡುವಿನ ಎರಡು ಬೋಗಿ ಹೆಂಗಸರಿಗೆ ಮೀಸಲು, ಅಲ್ಲೇ ಹತ್ತಿ. ಲಾಡ್ಜ್ ಆರಿಸುವಾಗ ಹೆಂಗಸರೇ ಬರೆದ ಅನುಭವಗಳನ್ನು ಹುಡುಕಿ ಓದಿ, ರಾತ್ರಿ ರಿಸೆಪ್ಷನ್ನಿನಲ್ಲಿ ಜನ ಇರುತ್ತಾರಾ ಕೇಳಿ. ಬೀದಿಯಲ್ಲಿ ಮಾತು ಎಸೆಯುವವರಿಗೆ ಉತ್ತರ ಕೊಡದೆ ಹತ್ತಿರದ ಅಂಗಡಿಯೊಳಗೆ ಹೋಗಿ ನಿಂತರೆ ಅಂಗಡಿಯವರೇ ನೋಡಿಕೊಳ್ಳುತ್ತಾರೆ. ಪ್ರವಾಸಿ ಪೊಲೀಸರ ನಂಬರ್ 126, ಆಂಬುಲೆನ್ಸ್ 123. ನಮ್ಮ ರಾಯಭಾರ ಕಚೇರಿ ನದಿಯ ನಡುಗಡ್ಡೆ ಜಮಾಲಿಕ್‌ನಲ್ಲಿದೆ, ಪೇಟೆಯಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ದೂರ.

ಹೊರಡುವ ಹಿಂದಿನ ರಾತ್ರಿಯೇ ಲೆಕ್ಕ ಮುಗಿಸಿ, ರಸೀದಿ ಎಲ್ಲ ಜೋಡಿಸಿ. "ಅಲ್ ಹಿಸಾಬ್" ಅಂದರೆ ಬಿಲ್ಲು ತರುತ್ತಾರೆ. ವಿಮಾನ ರಾತ್ರಿ ಇದ್ದರೆ ಸಾಮಾನನ್ನು ಸಂಜೆಯವರೆಗೆ ಇಟ್ಟುಕೊಳ್ಳುತ್ತಾರೆ, ಹೆಚ್ಚಿನ ಕಡೆ ಅದಕ್ಕೆ ದುಡ್ಡು ಕೇಳೋದಿಲ್ಲ. ಪಾಸ್‌ಪೋರ್ಟು ಮಾತ್ರ ನಿಮ್ಮ ಹತ್ತಿರವೇ ಇರಲಿ. ಸಂಜೆಯ ಟ್ರಾಫಿಕ್ಕಿನಲ್ಲಿ ವಿಮಾನ ನಿಲ್ದಾಣಕ್ಕೆ ಒಂದೂವರೆ ಗಂಟೆ ಬೇಕಾಗಬಹುದು, ಆದ್ದರಿಂದ ವಿಮಾನಕ್ಕೆ ನಾಲ್ಕೂವರೆ ಗಂಟೆ ಮೊದಲು ಕಾರು ಕರೆಯಿರಿ. ಉಳಿದ ಫಕ್ಕಾ ಎಣಿಸಿ ರೂಮು ಗುಡಿಸಿದವರಿಗೆ ಅರ್ಧ, ಕೆಳಗೆ ಬೆಂಚಿನ ಮೇಲೆ 'ಮಅ ಸಲಾಮಾ' ಅನ್ನುವ ಬವ್ವಾಬ್‌ಗೆ ಅರ್ಧ ಕೊಡಿ. ಸಾಮಾನು ಇಳಿಸಿದ ಮೇಲೆ ಲಿಫ್ಟಿನ ಎರಡು ಬಾಗಿಲೂ ಮುಚ್ಚಿ.